ಚಾವಡಿಯ ವೈಫೈ ಬಿಡದ ಫೋನು: ತಪ್ಪು ಎಲ್ಲಿದೆ, ಸರಿಪಡಿಸುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಮೊಬೈಲಿನ ರೇಂಜ್ ಅಂಗಳದವರೆಗೆ ಬಂದರೆ ಹೆಚ್ಚು. ಮನೆಯೊಳಗಿನ ಮಾತುಕತೆಯೆಲ್ಲ ವೈಫೈ ಕಾಲಿಂಗಿನಲ್ಲೇ ನಡೆಯಬೇಕು. ಚಾವಡಿಯಲ್ಲಿ ಫೈಬರ್ ಮೋಡೆಮ್ ಇರುತ್ತದೆ. ಹಿಂಬದಿಗೆ ಸಾಲುವುದಿಲ್ಲವೆಂದು ಅಡುಗೆಕೋಣೆಯ ಆಚೆಗೋ ಮಹಡಿಗೋ ಇನ್ನೊಂದು ರೂಟರ್ ಕೂರಿಸುತ್ತಾರೆ. ಆದರೂ ಮಾತನಾಡುತ್ತ ಹಿಂದಕ್ಕೆ ನಡೆದರೆ ಕರೆ ತುಂಡಾಗುತ್ತದೆ. ಎರಡನೇ ರೂಟರಿನ ಕೆಳಗೇ ನಿಂತಿದ್ದರೂ ಫೋನು ಚಾವಡಿಯದ್ದನ್ನೇ ಹಿಡಿದುಕೊಂಡಿರುತ್ತದೆ. ವೈಫೈ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಹೊಸದಕ್ಕೆ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಹೊಸ ಸಾಧನ ಬೇಡ, ಇರುವುದರ ಸೆಟ್ಟಿಂಗ್ ಸರಿಪಡಿಸಿದರೆ ಸಾಕು.

ಬದಲಾಗುವ ನಿರ್ಧಾರ ಯಾರದು?

ಕಾಸರಗೋಡಿನಿಂದ ಕುಂಬಳೆಗೆ ಬಸ್ಸಿನಲ್ಲಿ ಹೋಗುವಾಗ ಫೋನು ಟವರಿನಿಂದ ಟವರಿಗೆ ದಾಟುತ್ತದೆ, ಕರೆ ತುಂಡಾಗುವುದಿಲ್ಲ. ಅಲ್ಲಿ ಫೋನು ಅಳತೆಗಳನ್ನು ಕಳಿಸುತ್ತದೆ, ಯಾವ ಟವರಿಗೆ ಹೋಗಬೇಕೆಂದು ನೆಟ್‌ವರ್ಕ್ ಹೇಳುತ್ತದೆ. ವೈಫೈಯಲ್ಲಿ ಹಾಗಿಲ್ಲ. ಯಾವಾಗ ಬಿಡಬೇಕು, ಯಾವುದಕ್ಕೆ ಹೋಗಬೇಕು ಎಂಬುದು ಪೂರ್ತಿ ಫೋನಿನ ತೀರ್ಮಾನ. ರೂಟರ್ ಸಲಹೆ ಕೊಡಬಹುದು, ತೀರಾ ಬೇಕಾದರೆ ಹೊರಗೆ ಹಾಕಬಹುದು, ಅಷ್ಟೆ.

ವೈಫೈ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಮೈನಸ್‌ನಲ್ಲಿರುತ್ತದೆ. ಮೈನಸ್ 45 ಎಂದರೆ ರೂಟರಿನ ಹತ್ತಿರವೇ ಇದ್ದೇವೆ, ಮೈನಸ್ 80 ಎಂದರೆ ಹೆಸರಿಗೆ ಮಾತ್ರ ಸಂಪರ್ಕ. ಐಫೋನು ಮೈನಸ್ 70ರವರೆಗೆ ಬೇರೆ ರೂಟರನ್ನು ಹುಡುಕುವುದೇ ಇಲ್ಲ. ಹುಡುಕಿದ ಮೇಲೂ, ಡೇಟಾ ಹರಿಯುತ್ತಿರುವಾಗ ಹೊಸದು 8 ಡೆಸಿಬೆಲ್‌ನಷ್ಟು, ಸುಮ್ಮನಿರುವಾಗ 12 ಡೆಸಿಬೆಲ್‌ನಷ್ಟು ಹೆಚ್ಚು ಬಲವಾಗಿದ್ದರೆ ಮಾತ್ರ ಹೋಗುತ್ತದೆ. ಆ್ಯಪಲ್ ಲ್ಯಾಪ್‌ಟಾಪಿನ ಗಡಿ ಇನ್ನೂ ಕೆಳಗೆ, ಮೈನಸ್ 75. ಆಂಡ್ರಾಯ್ಡ್ ಫೋನುಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಹಾಗಾಗಿ ತಲೆಯ ಮೇಲೆ ಮೈನಸ್ 45ರ ರೂಟರ್ ಇದ್ದೂ ಫೋನು ಚಾವಡಿಯ ಮೈನಸ್ 66ರಲ್ಲೇ ನಿಂತಿದ್ದರೆ ಅದು ದೋಷವಲ್ಲ. ಮೈನಸ್ 67ರವರೆಗೆ ವೀಡಿಯೊ ಕರೆಯೂ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಶುರುವಾಗುವುದು ಮೈನಸ್ 75 ದಾಟಿದ ಮೇಲೂ ಬಿಡದಿದ್ದರೆ, ಇಲ್ಲವೇ ಬಿಟ್ಟು ಹೋದಲ್ಲಿ ನೆಟ್ ಸಿಗದಿದ್ದರೆ.

ಮೊದಲು ನಡೆದು ಅಳೆಯಿರಿ

ಅಳೆಯದೆ ಸೆಟ್ಟಿಂಗ್ ಮುಟ್ಟಬೇಡಿ. ಎರಡೂ ರೂಟರ್‌ಗಳ ವೈಫೈ ಹೆಸರು ಒಂದೇ ಆಗಿದ್ದರೂ ಪ್ರತಿಯೊಂದರ ಒಳಗೆ ಬಿಎಸ್‌ಎಸ್‌ಐಡಿ ಎಂಬ ಬೇರೆಯೇ ಸಂಖ್ಯೆ ಇರುತ್ತದೆ. ವೈಫೈಯ ಎರಡು ತರಂಗಗಳಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು, 5 ಗಿಗಾಹರ್ಟ್ಸ್‌ಗೆ ಇನ್ನೊಂದು. ನೀವು ಈಗ ಯಾವುದರಲ್ಲಿದ್ದೀರಿ ಎಂದು ಹೇಳುವುದು ಈ ಸಂಖ್ಯೆಯೇ. ಆಂಡ್ರಾಯ್ಡಿನಲ್ಲಿ ವೈಫೈಮ್ಯಾನ್‌ನಂಥ ಉಚಿತ ಆ್ಯಪ್ ಇದನ್ನೂ ಬಲವನ್ನೂ ತೋರಿಸುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘netsh wlan show interfaces’ ಎಂದು ಟೈಪ್ ಮಾಡಿದರೂ ಸಿಗುತ್ತದೆ. ವಿಂಡೋಸ್ ಬಲವನ್ನು ಶೇಕಡಾದಲ್ಲಿ ಕೊಡುತ್ತದೆ: 100 ಎಂದರೆ ಮೈನಸ್ 50, 60 ಎಂದರೆ ಮೈನಸ್ 70, 50 ಎಂದರೆ ಮೈನಸ್ 75.

ಇನ್ನೊಂದು ಕಿಟಕಿಯಲ್ಲಿ ಮುಖ್ಯ ಮೋಡೆಮಿನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1, ನಿಲ್ಲದೆ ಪಿಂಗ್ (ಉತ್ತರ ಬರುತ್ತಿದೆಯೇ ಎಂದು ನೋಡುವ ಸಣ್ಣ ಸಂದೇಶ) ಹಾಕಿಡಿ. ಚಾವಡಿಯಿಂದ ಹೊರಟು ನಡುಕೋಣೆ, ಅಡುಗೆಕೋಣೆ, ಹಿಂದಿನ ಜಗಲಿ ಹೀಗೆ ಒಂದೊಂದು ಕಡೆ 15 ಸೆಕೆಂಡು ನಿಲ್ಲಿ. ಬಿಎಸ್‌ಎಸ್‌ಐಡಿಯ ಕೊನೆಯ ಎರಡು ಅಕ್ಷರ, ಬಲ, ಪಿಂಗ್ ನಿಂತಿತೋ ಇಲ್ಲವೋ, ಈ ಮೂರನ್ನು ಕಾಗದದಲ್ಲಿ ಬರೆದುಕೊಳ್ಳಿ. ಬರುವಾಗಲೂ ಹಾಗೆಯೇ, ಯಾಕೆಂದರೆ ಹೋಗುವಾಗ ಬದಲಾದ ಜಾಗ ಮತ್ತು ಬರುವಾಗ ಬದಲಾದ ಜಾಗ ಒಂದೇ ಆಗಿರುವುದಿಲ್ಲ.

ಕಾಗದ ನೋಡಿದರೆ ಮೂರರಲ್ಲಿ ಒಂದು ಚಿತ್ರ ಕಾಣುತ್ತದೆ. ಸಂಖ್ಯೆ ಬದಲಾಗಿದೆ, ಬಲವೂ ಚೆನ್ನಾಗಿದೆ, ಆದರೆ ಪಿಂಗ್ ಮರಳಿ ಬರಲೇ ಇಲ್ಲ: ವಿಳಾಸದ ತೊಂದರೆ. ಸಂಖ್ಯೆ ಬದಲಾಗುವಾಗ ಐದು, ಹತ್ತು ಸೆಕೆಂಡು ಎಲ್ಲವೂ ನಿಂತು ಮತ್ತೆ ಶುರುವಾಯಿತು: ಬೀಗದ (ಪಾಸ್‌ವರ್ಡ್, ಭದ್ರತೆಯ) ಅಥವಾ ಚಾನೆಲಿನ ತೊಂದರೆ. ಬಲ ಮೈನಸ್ 75ಕ್ಕಿಂತ ಕೆಳಗಿಳಿದರೂ ಸಂಖ್ಯೆ ಬದಲಾಗಲೇ ಇಲ್ಲ: ಫೋನು ಅಂಟಿಕೊಂಡಿದೆ. ಪಿಂಗಿನಲ್ಲಿ ಒಂದೆರಡು ಉತ್ತರ ತಪ್ಪಿದರೆ ಅದು ಸಹಜ.

ವಿಳಾಸ: ಮನೆಗಳಲ್ಲಿ ಅತಿ ಸಾಮಾನ್ಯ ತಪ್ಪು

ಪೇಟೆಯಿಂದ ತಂದ ಎರಡನೇ ರೂಟರನ್ನು ಪೆಟ್ಟಿಗೆಯಿಂದ ತೆಗೆದು, ಮೋಡೆಮಿನ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಒಳಬರುವ ಪೋರ್ಟ್) ಚುಚ್ಚಿ, ಅದೇ ವೈಫೈ ಹೆಸರು ಕೊಟ್ಟರೆ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್ ಆಗುತ್ತವೆ. ಹೆಸರು ಒಂದೇ ಎಂದು ನಂಬಿದ ಫೋನು ಚಾವಡಿಯಲ್ಲಿ ಸಿಕ್ಕ ಐಪಿ ವಿಳಾಸವನ್ನೇ (ನೆಟ್‌ವರ್ಕಿನೊಳಗೆ ಫೋನನ್ನು ಗುರುತಿಸುವ ಅಂಕಿ) ಹಿಡಿದುಕೊಂಡು ಹಿಂದಿನ ರೂಟರಿಗೆ ಹೋಗುತ್ತದೆ. ಅಲ್ಲಿ ಆ ವಿಳಾಸಕ್ಕೆ ಬೆಲೆಯಿಲ್ಲ. ವೈಫೈ ಗುರುತು ತುಂಬಿಯೇ ಇರುತ್ತದೆ, ನೆಟ್ ಮಾತ್ರ ಇಲ್ಲ.

ಎರಡನೇ ರೂಟರಿನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವ ಬಗೆ) ಇದ್ದರೆ ಅದನ್ನು ಆರಿಸಿ, ಕೆಲಸ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಹೀಗೆ ಮಾಡಿ. ಕೇಬಲ್ ಚುಚ್ಚುವ ಮೊದಲು ಲ್ಯಾಪ್‌ಟಾಪನ್ನು ಆ ರೂಟರಿಗೆ ಮಾತ್ರ ಜೋಡಿಸಿ, ಅದರ ಪುಟಕ್ಕೆ ಲಾಗಿನ್ ಆಗಿ. ಫೋನುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ. ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು 192.168.1.2 ಮಾಡಿ ಉಳಿಸಿ. ಮುಖ್ಯ ಮೋಡೆಮ್ ಹಂಚುವ ವಿಳಾಸಗಳ ಸಾಲಿನಲ್ಲಿ ಈ ಅಂಕಿ ಇರಬಾರದು, ಆ ಸಾಲು 2ರಿಂದಲೇ ಶುರುವಾಗುತ್ತಿದ್ದರೆ 10ರಿಂದ ಶುರುವಾಗುವಂತೆ ಬದಲಿಸಿ. ಆಮೇಲೆ ಮೋಡೆಮಿನ ಲ್ಯಾನ್ ಪೋರ್ಟಿನಿಂದ ಇದರ ಲ್ಯಾನ್ ಪೋರ್ಟಿಗೆ ಕೇಬಲ್. ವ್ಯಾನ್ ಪೋರ್ಟ್ ಖಾಲಿ ಇರಲಿ. ಕ್ರಮ ತಪ್ಪಿಸಿ ಮೊದಲೇ ಕೇಬಲ್ ಚುಚ್ಚಿದರೆ ಎರಡರ ವಿಳಾಸವೂ 192.168.1.1 ಆಗಿದ್ದಲ್ಲಿ ಗುದ್ದಾಡುತ್ತವೆ, ಪುಟ ಸರಿಯಾಗಿ ತೆರೆಯದೆ ಹೋಗಬಹುದು.

ಪರೀಕ್ಷೆ ಸುಲಭ: ಚಾವಡಿಯಲ್ಲೂ ಹಿಂಬದಿಯಲ್ಲೂ ಫೋನಿನ ಐಪಿ ವಿಳಾಸ ಒಂದೇ ಇರಬೇಕು, ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ಬಾಗಿಲಿನ ವಿಳಾಸ) ಎರಡು ಕಡೆಯೂ 192.168.1.1 ಇರಬೇಕು. ಒಂದು ವಾರದ ನಂತರ ಮತ್ತೆ ಕೆಟ್ಟರೆ ಯಾರೋ ರೂಟರನ್ನು ರೀಸೆಟ್ ಮಾಡಿರಬಹುದು. ಆಗ ಡಿಎಚ್‌ಸಿಪಿ ತಾನಾಗಿ ಮರಳಿ ಆನ್ ಆಗಿರುತ್ತದೆ, ಕೆಲವು ಫೋನುಗಳಿಗೆ ತಪ್ಪು ಗೇಟ್‌ವೇ ಸಿಗುತ್ತಿರುತ್ತದೆ. ಮನೆಯ ಅರ್ಧ ಫೋನುಗಳಲ್ಲಿ ಮಾತ್ರ ನೆಟ್ ಇಲ್ಲವೆಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಹೆಸರು ಮತ್ತು ಬೀಗ

ವೈಫೈ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಕೊನೆಯಲ್ಲಿ ಕಣ್ಣಿಗೆ ಬೀಳದ ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪಾಸ್‌ವರ್ಡ್ ಒಂದೇ ಇದ್ದರೆ ಸಾಲದು, ಭದ್ರತೆಯ ಬಗೆಯೂ ಒಂದೇ ಇರಬೇಕು. ಒಂದರಲ್ಲಿ ಡಬ್ಲ್ಯೂಪಿಎ2, ಇನ್ನೊಂದರಲ್ಲಿ ಡಬ್ಲ್ಯೂಪಿಎ3 ಇದ್ದರೆ ಹಲವು ಫೋನುಗಳು ದಾಟುವುದಿಲ್ಲ. ಹಳೆಯ ಮೋಡೆಮ್ ಇರುವ ಮನೆಯಲ್ಲಿ ಎರಡನ್ನೂ ಡಬ್ಲ್ಯೂಪಿಎ2, ಎಇಎಸ್ ಎಂದು ಇಡುವುದೇ ಒಳ್ಳೆಯದು. ಒಂದು ರೂಟರಿನಲ್ಲಿ ಮಾತ್ರ ಮ್ಯಾಕ್ ಫಿಲ್ಟರ್ (ಯಾವ ಸಾಧನಗಳನ್ನು ಒಳಬಿಡಬೇಕೆಂಬ ಪಟ್ಟಿ) ಹಾಕಿದ್ದರೆ ತೆಗೆಯಿರಿ.

ಸಂಶಯವಿದ್ದರೆ ಎರಡನೆಯದಕ್ಕೆ ತಾತ್ಕಾಲಿಕವಾಗಿ ಬೇರೆ ಹೆಸರು ಕೊಟ್ಟು ನೇರವಾಗಿ ಸೇರಿ ನೋಡಿ. ಸೇರಿದರೆ ಹೆಸರನ್ನು ಮೊದಲಿನಂತೆ ಮಾಡಿ, ಆ ತಾತ್ಕಾಲಿಕ ಹೆಸರನ್ನು ಫೋನಿನಿಂದ ‘ಫರ್ಗೆಟ್’ ಕೊಟ್ಟು ಅಳಿಸಿ. ಬೇರೆ ಬೇರೆ ಹೆಸರುಗಳ ನಡುವೆ ಹೋಗುವುದು ರೋಮಿಂಗ್ (ಸಂಪರ್ಕ ಕಳಚದೆ ಒಂದು ರೂಟರಿನಿಂದ ಇನ್ನೊಂದಕ್ಕೆ ದಾಟುವುದು) ಅಲ್ಲ, ಹಳೆಯದನ್ನು ಕಳಚಿ ಹೊಸದಾಗಿ ಸೇರುವುದು. ಈಗಿನ ಫೋನುಗಳು ಪ್ರತಿ ಹೆಸರಿಗೆ ಬೇರೆ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ತೋರಿಸುವುದರಿಂದ ಐಪಿಯೂ ಬದಲಾಗುತ್ತದೆ, ಕರೆ ತುಂಡಾಗಲೇಬೇಕು. ಹೆಸರಿನ ಕೊನೆಗೆ ‘ಇಎಕ್ಸ್‌ಟಿ’ ಅಂಟಿಸಿಕೊಳ್ಳುವ ಎಕ್ಸ್‌ಟೆಂಡರುಗಳ ಸಮಸ್ಯೆಯೂ ಇದೇ.

ದಾಟುವಾಗ ತಡವಾಗುತ್ತಿದ್ದರೆ 5 ಗಿಗಾಹರ್ಟ್ಸ್‌ನ ಚಾನೆಲ್ ನೋಡಿ. 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲುಗಳು. ಅಲ್ಲಿ ಫೋನು ತಾನಾಗಿ ಕೂಗಿ ಕೇಳುವಂತಿಲ್ಲ, ಸುಮಾರು 102 ಮಿಲಿಸೆಕೆಂಡಿಗೊಮ್ಮೆ ರೂಟರ್ ಕೊಡುವ ಸುಳಿವಿಗಾಗಿ ಪ್ರತಿ ಚಾನೆಲಿನಲ್ಲೂ ಕಾದು ಕೂರಬೇಕು. ‘ಆಟೊ’ ಬಿಟ್ಟು ಒಂದಕ್ಕೆ 36, ಇನ್ನೊಂದಕ್ಕೆ 149 ಕೊಡಿ.

ಅಂಟಿಕೊಂಡ ಫೋನು

ಇಲ್ಲಿ ಹೆಚ್ಚಿನವರು ಮಾಡುವುದು ಉಲ್ಟಾ ಕೆಲಸ: ಎರಡೂ ರೂಟರುಗಳ ಶಕ್ತಿಯನ್ನು ಪೂರ್ತಿ ಏರಿಸುತ್ತಾರೆ. ಆಗ ಚಾವಡಿಯ ಮೋಡೆಮಿನ ಸದ್ದು ಮನೆಯ ಕೊನೆಯವರೆಗೂ ಕೇಳಿಸುತ್ತದೆ, ಫೋನಿಗೆ ಬಿಡಲು ಕಾರಣವೇ ಇರುವುದಿಲ್ಲ. ಫೋನಿನ ಸ್ವಂತ ಧ್ವನಿಯೋ ಸಣ್ಣದು, ಅಷ್ಟು ದೂರದಿಂದ ಮೋಡೆಮಿಗೆ ಕೇಳಿಸುವುದಿಲ್ಲ. ವೈಫೈ ಗುರುತು ತುಂಬಿದ್ದೂ ಏನೂ ಲೋಡ್ ಆಗದಿರುವುದು ಹೀಗೆ. 2.4 ಗಿಗಾಹರ್ಟ್ಸ್ ಗೋಡೆಗಳನ್ನು ಹೆಚ್ಚು ದಾಟುವುದರಿಂದ ಅಂಟಿಕೊಳ್ಳುವುದೂ ಹೆಚ್ಚಾಗಿ ಅದರಲ್ಲೇ.

ಆದ್ದರಿಂದ ಮೊದಲು ಚಾವಡಿಯ ಮೋಡೆಮಿನ 2.4ರ ಶಕ್ತಿ ಇಳಿಸಿ. ಶೇ 50 ಮಾಡಿದರೆ ವ್ಯಾಪ್ತಿ ಅರ್ಧವಾಗುತ್ತದೆಂದು ಹೆದರಬೇಡಿ, ಇಳಿಯುವುದು ಬರೀ 3 ಡೆಸಿಬೆಲ್. ಶೇ 25ಕ್ಕೆ 6 ಡೆಸಿಬೆಲ್. ಶೇ 25ರಿಂದ ಶುರು ಮಾಡಿ, ಮತ್ತೆ ನಡೆದು ಅಳೆಯಿರಿ. ಗುರಿ ಇದು: ಚಾವಡಿಯದ್ದು ಮೈನಸ್ 70ಕ್ಕೆ ಇಳಿಯುವ ಜಾಗದಲ್ಲಿ ಎರಡನೆಯದು ಮೈನಸ್ 60ರ ಆಸುಪಾಸಿನಲ್ಲಿ ಸಿಗಬೇಕು. 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11, ಅಗಲ 20 ಮೆಗಾಹರ್ಟ್ಸ್. 2.4ನ್ನೇ ಆಫ್ ಮಾಡಿಬಿಡುವ ಆಸೆಯಾಗಬಹುದು, ಆದರೆ ಕ್ಯಾಮೆರಾ, ಸ್ಮಾರ್ಟ್ ಪ್ಲಗ್, ಹಳೆಯ ಪ್ರಿಂಟರುಗಳಲ್ಲಿ ಹಲವಕ್ಕೆ ಅದೊಂದೇ ಗೊತ್ತು.

ಶಕ್ತಿ ಇಳಿಸುವ ಅವಕಾಶ ಮೋಡೆಮಿನಲ್ಲಿ ಇಲ್ಲದಿದ್ದರೆ ಜಾಗ ಬದಲಿಸಿ. ಮುರಕಲ್ಲಿನ ದಪ್ಪ ಗೋಡೆಯೇ ಇಲ್ಲಿ ನಿಮ್ಮ ಸಹಾಯಕ: ಎರಡು ರೂಟರುಗಳ ನಡುವೆ ಅಂಥ ಎರಡು ಗೋಡೆ ಬಂದರೆ ಗಡಿ ತಾನಾಗಿ ಮೂಡುತ್ತದೆ. ಆದರೆ ಕಬ್ಬಿಣದ ಕಪಾಟಿನ ಹಿಂದೆ, ತಗಡು ಶೀಟಿನ ಮಾಡಿನ ಮೇಲೆ ಇಡಬೇಡಿ. ಲೋಹದ ಆಚೆ ಬಲ ಒಮ್ಮೆಲೇ ಬಿದ್ದುಹೋಗುತ್ತದೆ. ಒಂದು ಹೆಜ್ಜೆಗೆ ಮೈನಸ್ 60ರಿಂದ 85ಕ್ಕೆ ಇಳಿದರೆ ಯಾವ ಫೋನಿಗೂ ಹುಡುಕಲು ಸಮಯ ಸಿಗುವುದಿಲ್ಲ.

ಇನ್ನೂ ಬಿಡದಿದ್ದರೆ ಒಳ್ಳೆಯ ಆ್ಯಕ್ಸೆಸ್ ಪಾಯಿಂಟುಗಳಲ್ಲಿ ಎರಡು ಉಪಾಯಗಳಿವೆ. 1, 2, 5.5, 11 ಎಂಬಿಪಿಎಸ್‌ನ ಹಳೆಯ ನಿಧಾನ ವೇಗಗಳನ್ನು ಮುಚ್ಚಿ ಕನಿಷ್ಠ 12 ಎಂದು ಇಟ್ಟರೆ ದೂರದ ಫೋನಿಗೆ ಹಿಡಿದುಕೊಳ್ಳಲು ಎಳೆ ಸಿಗುವುದಿಲ್ಲ. ಇನ್ನೊಂದು, ಕನಿಷ್ಠ ಬಲದ ಗಡಿ. ಅದಕ್ಕಿಂತ ಕೆಳಗಿಳಿದ ಫೋನನ್ನು ರೂಟರೇ ಹೊರಹಾಕುತ್ತದೆ. ಮೈನಸ್ 80ರಿಂದ ಶುರು ಮಾಡಿ. ಮೈನಸ್ 70 ಎಂದು ಇಟ್ಟರೆ ಬೇರೆ ದಾರಿಯಿಲ್ಲದ ಫೋನು ಒಳಗೆ ಬಂದು ಹೊರಗೆ ಹೋಗಿ ಒದ್ದಾಡುತ್ತದೆ. ಇಂಟೆಲ್ ವೈಫೈ ಇರುವ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ವೈಫೈ ಅಡಾಪ್ಟರಿನ ‘ಅಡ್ವಾನ್ಸ್ಡ್’ ಪುಟದಲ್ಲಿ ‘ರೋಮಿಂಗ್ ಅಗ್ರೆಸಿವ್‌ನೆಸ್’ ಹುಡುಕಿ. ಐದು ಮೆಟ್ಟಿಲುಗಳಲ್ಲಿ ಮೂರನೆಯದರಿಂದ ನಾಲ್ಕಕ್ಕೆ ಏರಿಸಿದರೆ ಸಾಕು.

ಕೆ, ವಿ, ಆರ್

ರೂಟರಿನಲ್ಲಿ 802.11ಕೆ, ವಿ, ಆರ್ ಎಂಬ ಆಯ್ಕೆಗಳು ಕಾಣಬಹುದು. ಕೆ ಮತ್ತು ಆರ್ 2008ರಲ್ಲಿ, ವಿ 2011ರಲ್ಲಿ ಬಂದವು. ಕೆ ಎಂದರೆ ನೆರೆಯ ರೂಟರುಗಳ ಪಟ್ಟಿಯನ್ನು ಫೋನಿಗೆ ಕೊಡುವುದು, ವಿ ಎಂದರೆ ‘ಅತ್ತ ಹೋದರೆ ಒಳ್ಳೆಯದು’ ಎಂಬ ಸಲಹೆ. ಇವೆರಡನ್ನೂ ಆನ್ ಮಾಡಿ. ಆರ್ ಎಂದರೆ ಬೀಗ ತೆಗೆಯುವ ಕೆಲಸವನ್ನು ಚುಟುಕಾಗಿಸುವುದು, ಕರೆಗಳಿಗೆ ಬಹಳ ಒಳ್ಳೆಯದು. ಆದರೆ ಎಲ್ಲ ರೂಟರುಗಳಲ್ಲೂ ಇರಬೇಕು, ಮೊಬಿಲಿಟಿ ಡೊಮೇನ್ ಸಂಖ್ಯೆ (ಒಂದೇ ಗುಂಪಿನ ರೂಟರುಗಳ ಗುರುತು) ಒಂದೇ ಇರಬೇಕು. ಕೆಲವು ಹಳೆಯ ಸಾಧನಗಳು ಆರ್ ಇರುವ ವೈಫೈಗೆ ಸೇರುವುದೇ ಇಲ್ಲ. ಆನ್ ಮಾಡಿದ ದಿನವೇ ಪ್ರಿಂಟರ್, ಟಿವಿ, ಕ್ಯಾಮೆರಾ ಎಲ್ಲವನ್ನೂ ಪರೀಕ್ಷಿಸಿ.

ಕೊಟ್ಟಿಗೆಯವರೆಗಿನ ಕೇಬಲ್, ಕರೆಂಟು, ಮಳೆ

ಮೆಶ್ ಪೆಟ್ಟಿಗೆಗಳನ್ನು (ಒಂದರಿಂದೊಂದು ವೈಫೈ ಪಡೆದು ಮುಂದೆ ದಾಟಿಸುವ ರೂಟರುಗಳು) ರೇಂಜ್ ಇಲ್ಲದ ಜಾಗದಲ್ಲಿ ಇಟ್ಟು ಫಲವಿಲ್ಲ. ಮುಖ್ಯ ಪೆಟ್ಟಿಗೆಯಿಂದ ಮೈನಸ್ 60ರಷ್ಟಾದರೂ ಸಿಗುವಲ್ಲಿ ಇಡಿ. ಕೇಬಲ್ ಎಳೆಯಲಾಗುವುದಾದರೆ ಅದೇ ಉತ್ತಮ, ತಾಮ್ರದ ಕೇಬಲಿನ ಮಿತಿ 100 ಮೀಟರ್. ಆದರೆ ಮನೆಯಿಂದ ಕೊಟ್ಟಿಗೆಗೋ ಅಡಿಕೆ ಅಂಗಳದ ಆಚೆಯ ಶೆಡ್ಡಿಗೋ ತಾಮ್ರದ ಕೇಬಲನ್ನು ಮೇಲಿನಿಂದ ಎಳೆಯಬೇಡಿ. ಮೇ ತಿಂಗಳಲ್ಲೂ ತುಲಾ ತಿಂಗಳಲ್ಲೂ ಬೀಳುವ ಸಿಡಿಲಿಗೆ ಎರಡು ತುದಿಯ ಪೆಟ್ಟಿಗೆಗಳೂ ಒಟ್ಟಿಗೆ ಸುಟ್ಟುಹೋಗಬಹುದು. ಅಂಥಲ್ಲಿ ಫೈಬರ್ ಎಳೆಸಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ತಂತಿ ಸೇರಿಸಿದ ಫೈಬರ್ ಕೇಬಲೂ ಬರುವುದರಿಂದ, ಲೋಹವಿಲ್ಲದ್ದೇ ಬೇಕೆಂದು ಕೇಳಿ.

ಇನ್‌ವರ್ಟರ್ ಇದ್ದರೆ ಮೋಡೆಮನ್ನೂ ಎರಡನೇ ರೂಟರನ್ನೂ ಅದಕ್ಕೇ ಜೋಡಿಸಿ, ಇಲ್ಲವೇ ಮೋಡೆಮನ್ನು ಮಾತ್ರ. ಎರಡನೆಯದಕ್ಕೆ ಮಾತ್ರ ಇನ್‌ವರ್ಟರ್ ಸಿಕ್ಕರೆ, ಕರೆಂಟು ಹೋದಾಗ ನೆಟ್ ಇಲ್ಲದ ಬಲವಾದ ವೈಫೈಗೆ ಫೋನುಗಳೆಲ್ಲ ಅಂಟಿಕೊಂಡಿರುತ್ತವೆ.

ಕೊನೆಯ ಪರೀಕ್ಷೆಗೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ. ವೈಫೈ ಕಾಲಿಂಗಿನಲ್ಲಿ ಯಾರಿಗಾದರೂ ಕರೆ ಮಾಡಿ, ಮೊದಲು ಅಳೆದ ದಾರಿಯಲ್ಲೇ ಮಾತನಾಡುತ್ತ ನಡೆಯಿರಿ. ಬೇಸಗೆಯಲ್ಲಿ ಸರಿಯಾದದ್ದನ್ನು ಆಟಿಯ ಮಳೆಯಲ್ಲಿ ಮತ್ತೊಮ್ಮೆ ಅಳೆಯಬೇಕು. ನೀರು ಕುಡಿದ ಮುರಕಲ್ಲಿನ ಗೋಡೆ ಹೆಚ್ಚು ಬಲವನ್ನು ನುಂಗುತ್ತದೆ. ದಾಟುವ ಜಾಗದಲ್ಲಿ ಎರಡನೇ ರೂಟರಿನ ಬಲ ಮೈನಸ್ 60ರಿಂದ 66ಕ್ಕೆ ಇಳಿದಿದ್ದರೆ ಅದರ ಶಕ್ತಿಯನ್ನು ಒಂದು ಮೆಟ್ಟಿಲು ಏರಿಸಿ, ಚಾವಡಿಯದ್ದನ್ನು ಹಾಗೇ ಬಿಡಿ.