ರೋಟೊ ಆರ್ಟಿಸ್ಟ್ ಆಗಿ ನಾನು ಯೂನಿಯನ್ ಸೇರಿದ್ದು ಹೀಗೆ

ನಾನು ಅಂಕೋಲಾ ತಾಲೂಕಿನ ಬೇಲೆಕೇರಿಯವಳು. ಒಂಬತ್ತು ವರ್ಷದಿಂದ ರೋಟೊ ಮತ್ತು ಪೇಂಟ್ ಕೆಲಸ ಮಾಡುತ್ತಿದ್ದೇನೆ. ಅಂದರೆ ನಟನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಹಿನ್ನೆಲೆಯಿಂದ ಬೇರೆ ಮಾಡೋದು, ಪರದೆ ಮೇಲೆ ಕಾಣಬಾರದ ತಂತಿ, ಕಂಬ ಅಳಿಸೋದು. ಒಂದು ಸೆಕೆಂಡಿಗೆ 24 ಫ್ರೇಮ್. ಗಾಳಿಗೆ ಹಾರುವ ಕೂದಲಿದ್ದರೆ ಆ ಒಂದು ಸೆಕೆಂಡಿಗೇ ಇಡೀ ದಿನ ಹೋಗುತ್ತದೆ. ಕೋವಿಡ್ ಆದ ಮೇಲೆ ಬೆಂಗಳೂರಿನ ಸ್ಟುಡಿಯೊ ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿತು, ಹಾಗಾಗಿ ಊರಿಗೆ ಬಂದೆ.

2023ರ ಮಳೆಗಾಲದಲ್ಲಿ ಒಂದು ಶಾಟ್ ಬಂತು. 140 ಫ್ರೇಮ್, ಓಡುವ ಹುಡುಗಿ, ಬಿಚ್ಚಿದ ಜಡೆ. ನಮ್ಮಲ್ಲಿ ಪ್ರತಿ ಶಾಟ್‌ಗೂ ಇಷ್ಟು ದಿನ ಅಂತ ಲೆಕ್ಕ ಹಾಕಿ ಕ್ಲೈಂಟ್‌ಗೆ ಮೊದಲೇ ಬೆಲೆ ಹೇಳಿರುತ್ತಾರೆ, ಅದಕ್ಕೆ ಬಿಡ್ ಅನ್ನುತ್ತೇವೆ. ಇದರ ಬಿಡ್ ನಾಲ್ಕು ದಿನ. ಕಿವಿ ಹಿಂದಿನ ಒಂದು ಎಳೆ ನಡುಗುತ್ತಿದೆ ಅಂತ ಒಮ್ಮೆ, ಅಂಚು ತುಂಬಾ ಗಟ್ಟಿಯಾಯಿತು ಅಂತ ಇನ್ನೊಮ್ಮೆ, ಮೂರು ಸಲ ವಾಪಸ್ ಬಂತು. ಏಳು ದಿನ ಹಿಡಿಯಿತು. ಅದರಲ್ಲಿ ಒಂದು ಭಾನುವಾರ, ಮತ್ತೆರಡು ದಿನ ರಾತ್ರಿ ಎರಡರವರೆಗೆ. ಟೈಮ್‌ಶೀಟ್ ತುಂಬುವಾಗ ನಮ್ಮ ತಂಡದ ಮೇಲ್ವಿಚಾರಕರು, ಅಂದರೆ ಲೀಡ್, "ನಾಲ್ಕೇ ಹಾಕು, ಜಾಸ್ತಿ ಹಾಕಿದರೆ ನೀನು ನಿಧಾನ ಅಂತ ಆಗುತ್ತೆ" ಅಂದರು. ಹಾಕಿದೆ. ಉಳಿದ ಮೂರು ದಿನ ಸಂಬಳದಲ್ಲೂ ಇಲ್ಲ, ರಜೆಯಲ್ಲೂ ಇಲ್ಲ. ಇದಕ್ಕಿಂತ ನೋವಾಗಿದ್ದು ಬೇರೆ ವಿಷಯಕ್ಕೆ. ಇಂಥ ಶಾಟ್ ನಾಲ್ಕು ದಿನದಲ್ಲಿ ಆಗುತ್ತದೆ ಅನ್ನುವ ಸಾಕ್ಷಿಯನ್ನು ನಾನೇ ಬರೆದು ಕೊಟ್ಟಿದ್ದೆ. ಮುಂದಿನ ಬಿಡ್ ಹಾಕುವವರು ಅದನ್ನೇ ನೋಡುತ್ತಾರೆ, ಅಲ್ವಾ?

ಆ ವಾರ ಮಾವ ಮನೆಗೆ ಬಂದಿದ್ದರು. ಮೂವತ್ತು ವರ್ಷ ಹಡಗಿನಲ್ಲಿ ದುಡಿದವರು. ನನ್ನ ಕಣ್ಣು ನೋಡಿ "ತಂಗೀ, ನಿದ್ದೆ ಎಷ್ಟು ತಾಸು?" ಅಂತ ಕೇಳಿದರು. ಹೇಳಿದೆ. ಅವರಿಗೆ ನಂಬಲಿಕ್ಕೇ ಆಗಲಿಲ್ಲ. ಹಡಗಿನಲ್ಲಿ ವಿಶ್ರಾಂತಿಗೂ ಲೆಕ್ಕ ಇದೆಯಂತೆ. 24 ತಾಸಿನಲ್ಲಿ ಕಡಿಮೆ ಅಂದರೆ 10 ತಾಸು, ವಾರಕ್ಕೆ 77. ಅದನ್ನು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಒಂದು ಪ್ರತಿ ಖಲಾಸಿಯ ಕೈಗೂ ಕೊಡಬೇಕು. 2006ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇರುವ ಮಾತಿದು. "ಇದೆಲ್ಲ ಸುಮ್ನೆ ಬಂತು ಅಂದ್ಕೊಂಡ್ಯಾ? ನಮ್ಮ ದಿನಕರ ದೇಸಾಯಿ ಮುಂಬೈನಲ್ಲಿ ಹಡಗಿನವರ ಯೂನಿಯನ್ ಕೆಲಸ ಮಾಡಿದ್ದು ಯಾಕೆ?" ಅಂದರು. ದೇಸಾಯಿಯವರನ್ನು ನಾವು ಚುಟುಕದಿಂದ, ಕೆನರಾ ವೆಲ್ಫೇರ್ ಟ್ರಸ್ಟ್ ಶಾಲೆಗಳಿಂದ ಬಲ್ಲವರು. ನಮ್ಮ ತಾಲೂಕಿನಲ್ಲೇ ಹುಟ್ಟಿದ ಅವರು ಯೂನಿಯನ್ನಿನವರೂ ಆಗಿದ್ದರು ಅನ್ನೋದು ಅವತ್ತಿನವರೆಗೆ ನನ್ನ ತಲೆಗೇ ಬಂದಿರಲಿಲ್ಲ.

ನಮ್ಮಂಥವರಿಗೆ ಎಲ್ಲಿದೆ ಯೂನಿಯನ್ ಅಂತ ಹುಡುಕಿದೆ. ಅಮೆರಿಕದಲ್ಲಿ ಅನಿಮೇಶನ್‌ನವರ ಗಿಲ್ಡ್ 1952ರಿಂದಲೂ ಇದೆ. ಅದೇ 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್ ಸಿನಿಮಾ ಕಂಪನಿಯ ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ದೃಶ್ಯ ಪರಿಣಾಮ ಮಾಡುವ) ನೌಕರರು ಒಬ್ಬರೂ ವಿರೋಧಿಸದೆ ಯೂನಿಯನ್ ಪರ ಮತ ಹಾಕಿದರು. ಆ ಸುದ್ದಿ ಓದಿದಾಗ ಧೈರ್ಯ ಬಂತು. ಕರ್ನಾಟಕದಲ್ಲಿ ಸಿಕ್ಕಿದ್ದು ಕೆಐಟಿಯು, ರಾಜ್ಯದ ಐಟಿ ಮತ್ತು ಐಟಿ ಆಧಾರಿತ ಸೇವೆಗಳ (ಐಟಿಇಎಸ್) ನೌಕರರ ಸಂಘ. 2017ರಲ್ಲಿ ಶುರುವಾದದ್ದು. ನಾವು ಐಟಿಯವರಲ್ಲವಲ್ಲ ಅಂತ ಅನುಮಾನ ಇತ್ತು. ಫೋನ್ ಮಾಡಿದಾಗ ಆ ಕಡೆಯವರು ಮೊದಲು ಕೇಳಿದ್ದೇ "ನಿಮ್ಮ ಗಂಟೆಗಳನ್ನು ಎಲ್ಲಿ ಬರೆದಿಟ್ಟಿದ್ದೀರಿ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅನುಮಾನ ಬಗೆಹರಿದದ್ದು ಸರ್ಕಾರದ ಆದೇಶದಿಂದಲೇ. ಕೆಲಸದ ಷರತ್ತುಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ 2014ರಲ್ಲಿ ವಿನಾಯಿತಿ ಕೊಟ್ಟಿತು, 2019ರಲ್ಲಿ ಮುಂದುವರಿಸಿತು, 2024ರಲ್ಲಿ ಮತ್ತೆ ಐದು ವರ್ಷ. ಆ ಪಟ್ಟಿಯಲ್ಲಿ ಅನಿಮೇಶನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಅಂತ ಹೆಸರು ಹಿಡಿದೇ ಬರೆದಿದ್ದರು, ಅಂದರೆ ಸರ್ಕಾರದ ಲೆಕ್ಕದಲ್ಲಿ ನಾವೂ ಐಟಿಯವರ ಜೊತೆಯವರೇ. ವಿನಾಯಿತಿಗೆ ಒಂದು ಷರತ್ತೂ ಇತ್ತು: ಕಂಪನಿಯಲ್ಲಿ ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರಷ್ಟೇ ಜನ ನೌಕರರ ಕಡೆಯವರೂ ಇರಬೇಕು. ನಮ್ಮ ಸ್ಟುಡಿಯೊದಲ್ಲಿ ಇಂಥ ಸಮಿತಿ ಇದೆ ಅನ್ನೋದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೇಲೆ ದುಡಿದರೆ ಎರಡು ಪಟ್ಟು ಕೂಲಿ. ಇದು ನಮಗೂ ಅನ್ವಯಿಸುತ್ತದೆ.

ಸೇರುವುದು ಕಷ್ಟವಾಗಲಿಲ್ಲ. ಅರ್ಜಿ ತುಂಬಿದೆ, ಚಂದಾ ಕಟ್ಟಿದೆ, ಅಷ್ಟೇ. ಭಯ ಮಾತ್ರ ಜಾಸ್ತಿ ಇತ್ತು. ಕೆಲಸ ಹೋದರೆ ಮನೆ ಸಾಲ ಯಾರು ಕಟ್ಟೋದು? ಮೊದಲ ಆರು ತಿಂಗಳು ಸ್ಟುಡಿಯೊದಲ್ಲಿ ಯಾರಿಗೂ ಹೇಳಲಿಲ್ಲ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ, ನಿಜ. ಆದರೂ ರಾತ್ರಿ ನಿದ್ದೆ ಬಾರದಿದ್ದಾಗ ಆ ವಿಧಿ ನೆನಪಾಗುವುದಿಲ್ಲ.

ಆ ಆರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಅಮ್ಮ ಮೀನು ವ್ಯಾಪಾರದ ಲೆಕ್ಕ ಬರೆಯುವ ಉದ್ದ ಪುಸ್ತಕದಂಥದ್ದೇ ಒಂದು ತಂದೆ. ಶಾಟ್ ಸಂಖ್ಯೆ, ಬಿಡ್ ಎಷ್ಟು ದಿನ, ಕೂತಿದ್ದು ಎಷ್ಟು ಗಂಟೆ, ಎಷ್ಟು ಸಲ ವಾಪಸ್ ಬಂತು, ಭಾನುವಾರ ಕೆಲಸ ಮಾಡು ಅಂತ ಹೇಳಿದ್ದು ಯಾರು. ಮಾತಿನಲ್ಲಿ ಹೇಳಿದ್ದನ್ನು ಮೇಲ್ ಮಾಡಿ ಖಚಿತ ಮಾಡಿಕೊಂಡೆ, "ನೀವು ಹೇಳಿದಂತೆ ಭಾನುವಾರ ಕೆಲಸ ಮಾಡುತ್ತಿದ್ದೇನೆ" ಅಂತ ಒಂದೇ ಸಾಲು. ಆಮೇಲೆ ಒಬ್ಬೊಬ್ಬರಾಗಿ ಏಳು ಜನ ಹೀಗೇ ಬರೆಯಲು ಶುರು ಮಾಡಿದೆವು. ಏಳೂ ಪುಸ್ತಕ ಒಟ್ಟಿಗೆ ಇಟ್ಟಾಗ ಯಾರೂ ನಿಧಾನ ಅಲ್ಲ, ಬಿಡ್ಡೇ ಕಡಿಮೆ ಅನ್ನೋದು ಎದ್ದು ಕಂಡಿತು. ಸಂಘದವರು ಪತ್ರ ಬರೆಯಲು ಕೂಡ ಕೂತು ಸಹಾಯ ಮಾಡಿದರು. ಏಳೂ ಜನ ಸಹಿ ಹಾಕಿ ದೂರು ಸಮಿತಿಗೆ ಕೊಟ್ಟೆವು.

ಎರಡು ಸಭೆ ಆಯಿತು. ಹಳೆಯ ದುಡ್ಡು ಬರಲಿಲ್ಲ. ಆದರೆ ಟೈಮ್‌ಶೀಟಿನಲ್ಲಿ ಬಿಡ್ ಬೇರೆ, ನಿಜವಾಗಿ ದುಡಿದ ಗಂಟೆ ಬೇರೆ ಅಂತ ಎರಡು ಕಾಲಂ ಆದವು, ಭಾನುವಾರಕ್ಕೆ ಬದಲಿ ರಜೆ ಸಿಗುತ್ತಿದೆ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಮೊದಲ ಸಲ ಆ ಎರಡನೇ ಕಾಲಂನಲ್ಲಿ 61 ಅಂತ ವಾರದ ಗಂಟೆ ಬರೆದಾಗ ಕೈ ನಡುಗಿತ್ತು.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಬರೆಸಿಕೊಳ್ಳುವ ಬಾಂಡ್ ವಿಷಯ ಇನ್ನೂ ಬಾಕಿ ಇದೆ. ಹೊಸ ಹುಡುಗರ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮ ಉದ್ಯಮದಲ್ಲಿ ಇನ್ನೂ ಹೋಗಿಲ್ಲ. ಶಿರಸಿ, ಕುಮಟಾ, ಕಾರವಾರದಿಂದ ಡಿಪ್ಲೊಮಾ ಮುಗಿಸಿ ಹೋಗುವವರು ಹಾಗೆ ಕೊಟ್ಟಿದ್ದರೆ, ರಸೀದಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಇವತ್ತೇ ಮೇಲ್ ಹಾಕಿ ಕೇಳಿ, ಆ ಮೇಲ್‌ನ ಒಂದು ಪ್ರತಿ ಮನೆಯಲ್ಲಿಡಿ.