ಗ್ಲೂಕೋಮೀಟರ್ ತಂದಾಯ್ತು, ಈಗ ಯಾವಾಗ ಚುಚ್ಕೋಬೇಕು?

ನಂಗೆ ಟೈಪ್ ಟೂ ಶುಗರ್ ಅಂತ ಗೊತ್ತಾದ ಹೊಸದ್ರಲ್ಲಿ ಒಂದಿನ ಚೆಕ್ ಮಾಡಿದ್ರೆ ಮೀಟರ್ 281 ತೋರಿಸ್ತು, ಎದೆ ಧಸಕ್ ಅಂತು, ಊಟ ಬೇರೆ ಇನ್ನೂ ಮಾಡಿರ್ಲಿಲ್ಲ, ಎಲ್ಲಿಂದ ಬಂತಪ್ಪ ಇದು ಅಂತ ತಲೆ ಕೆಟ್ಟೋಯ್ತು. ಆಮೇಲೆ ನೆನಪಾಯ್ತು, ಐದು ನಿಮಿಷ ಮುಂಚೆ ಮಗೂಗೆ ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟು ಕೈನ ಬಟ್ಟೆಗೆ ಒರೆಸ್ಕೊಂಡಿದ್ದೆ ಅಷ್ಟೆ. ಸೋಪ್ ಹಾಕಿ ತೊಳ್ಕೊಂಡು ಇನ್ನೊಂದ್ಸಲ ನೋಡಿದ್ರೆ 134. ಬೆರಳಿಗೆ ಅಂಟಿದ್ದ ಹಣ್ಣಿನ ರಸದ ಸಕ್ಕರೇನೂ ಸೇರಿಸಿ ಲೆಕ್ಕ ಹೇಳಿತ್ತು ಆ ಮೀಟರ್. ಮೀಟರ್‌ಗೆ ಸಿಕ್ಕಿಸೋ ಸ್ಟ್ರಿಪ್‌ಗೆ ಬೇಕಾಗಿರೋ ರಕ್ತದ ಹನಿ ಸಾಸಿವೆ ಕಾಳಿಗಿಂತ ಚಿಕ್ಕದು, ಅಷ್ಟು ಸಣ್ಣ ಹನೀಲಿ ಚೂರು ಸಿಹಿ ಸೇರಿದ್ರೂ ನಂಬರ್ ಎಲ್ಲಿಗೋ ಹೋಗುತ್ತೆ.

ಹಾಗಾಗಿ ಮೊದ್ಲು ಕೈ ತೊಳೀರಿ. ಉಗುರುಬೆಚ್ಚಗಿನ ನೀರಾದ್ರೆ ಇನ್ನೂ ಒಳ್ಳೇದು, ರಕ್ತ ಬೆರಳ ತುದಿಗೆ ಸಲೀಸಾಗಿ ಬರುತ್ತೆ. ತೊಳೆದ್ಮೇಲೆ ಪೂರ್ತಿ ಒಣಗಿಸ್ಕೊಳ್ಳಿ, ಒದ್ದೆ ಬೆರಳಲ್ಲಿ ಹನಿ ತೆಳ್ಳಗಾಗಿ ರೀಡಿಂಗ್ ಕಮ್ಮಿ ಬರಬಹುದು. ಸ್ಪಿರಿಟ್ ಹತ್ತಿ ಹಚ್ಕೊಳ್ಳೋರು ಅದು ಆರೋ ತನಕ ಕಾಯಿರಿ, ಆದ್ರೆ ಅದರಿಂದ ಹಣ್ಣಿನ ಅಂಟೆಲ್ಲ ಹೋಗುತ್ತೆ ಅಂತ ನಂಬ್ಕೋಬೇಡಿ. ಎಲ್ಲೋ ಹೊರಗಿದ್ದೀರಿ, ನೀರೇ ಸಿಗಲ್ಲ ಅಂದ್ರೆ ಮೊದಲ ಹನಿ ಒರೆಸಿ ಹಾಕಿ ಎರಡನೇದನ್ನ ತಗೊಳ್ಳಿ.

ಇನ್ನು ಚುಚ್ಚೋ ವಿಷ್ಯ. ಮುಕ್ಕಾಲು ಜನ ಬೆರಳ ತುದಿಯ ನಡುಮಧ್ಯದ ಮೆತ್ತಗಿರೋ ಜಾಗಕ್ಕೇ ಚುಚ್ಕೋತಾರೆ, ನೋವಾಗೋದೂ ಅಲ್ಲೇ ಜಾಸ್ತಿ, ಆಮೇಲೆ ಮೊಬೈಲ್ ಮುಟ್ಟೋಕೂ ಉರಿ. ಉಗುರಿನ ಪಕ್ಕ, ಬೆರಳಿನ ಸೈಡ್‌ಗೆ ಚುಚ್ಚಿ. ಹೆಬ್ಬೆರಳು ತೋರುಬೆರಳು ದಿನವಿಡೀ ಕೆಲಸ ಮಾಡ್ತವೆ, ಅವನ್ನ ಬಿಟ್ಟು ಮಿಕ್ಕ ಮೂರರಲ್ಲಿ ದಿನಕ್ಕೊಂದು ಬದಲಾಯಿಸ್ತಾ ಹೋಗಿ. ಪೆನ್ ಥರ ಇರುತ್ತಲ್ಲ ಚುಚ್ಚೋ ಸಾಧನ, ಅದರ ಮೇಲೆ ನಂಬರ್ ಇರುತ್ತೆ, ಎಷ್ಟು ಆಳ ಇಳೀಬೇಕು ಅಂತ, ಕಮ್ಮಿ ನಂಬರಿಂದ ಶುರು ಮಾಡಿ, ರಕ್ತ ಬರ್ಲಿಲ್ಲ ಅಂದ್ರೆ ಒಂದು ಏರಿಸಿ. ಲ್ಯಾನ್ಸೆಟ್ ಪ್ರತಿ ಸಲ ಹೊಸದು ಹಾಕ್ಕೊಳ್ಳಿ, ಒಂದೇ ಸೂಜಿ ತಿಂಗಳುಗಟ್ಟಲೆ ಬಳಸಿದ್ರೆ ಅದು ಮೊಂಡಾಗಿ ಚುಚ್ಚೋ ಬದ್ಲು ಹರಿಯುತ್ತೆ.

ರಕ್ತ ಬರ್ಲಿಲ್ಲ ಅಂತ ಬೆರಳನ್ನ ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡೋದು ಇನ್ನೊಂದು ತಪ್ಪು. ಹಾಗೆ ಹಿಂಡಿದ್ರೆ ಸುತ್ತಲಿನ ಮಾಂಸದ ನೀರೂ ಸೇರಿ ನಂಬರ್ ತಪ್ಪು ಬರುತ್ತೆ. ಕೈನ ಕೆಳಗೆ ಇಳಿಬಿಟ್ಟು ಅರ್ಧ ನಿಮಿಷ ಅಲ್ಲಾಡಿಸಿ, ಆಮೇಲೆ ಚುಚ್ಚಿ, ಅಂಗೈ ಕಡೆಯಿಂದ ತುದಿ ಕಡೆಗೆ ನಿಧಾನಕ್ಕೆ ಸವರಿ, ಸಾಕು. ಹನೀನ ಸ್ಟ್ರಿಪ್ ಮೇಲೆ ಬೀಳಿಸೋದು ಬೇಡ, ಸ್ಟ್ರಿಪ್ ತುದೀನ ಹನಿಗೆ ತಾಗಿಸಿದ್ರೆ ಅದೇ ಹೀರ್ಕೊಳ್ಳುತ್ತೆ, ಒಂದೈದು ಸೆಕೆಂಡಲ್ಲಿ ನಂಬರ್ ಬರುತ್ತೆ.

ಸ್ಟ್ರಿಪ್ ಡಬ್ಬಿ ಮುಚ್ಚಳದ ಬಗ್ಗೆ ನಂಗೆ ಸ್ವಲ್ಪ ಹುಚ್ಚೇ ಇದೆ, ಮನೇಲಿ ಎಲ್ರೂ ನಗ್ತಾರೆ. ಆದ್ರೆ ಕಾರಣ ಇದೆ. ಸ್ಟ್ರಿಪ್ ಒಳಗೆ ಒಂದು ಕಿಣ್ವ ಇರುತ್ತೆ, ರಕ್ತದಲ್ಲಿರೋ ಗ್ಲೂಕೋಸ್ ಜೊತೆ ಅದು ರಿಯಾಕ್ಟ್ ಆದಾಗ ಹುಟ್ಟೋ ಚಿಕ್ಕ ಕರೆಂಟನ್ನೇ ಮೀಟರ್ ಅಳೆಯೋದು, ತೇವಾಂಶ ತಾಗಿದ್ರೆ ಆ ಕಿಣ್ವ ಕೆಡುತ್ತೆ. ಒಂದು ಸ್ಟ್ರಿಪ್ ತೆಗೆದ ತಕ್ಷಣ ಟಪ್ ಅಂತ ಮುಚ್ಚಿಬಿಡಿ. ಫ್ರಿಜ್ಜಲ್ಲಿ ಇಡ್ಬೇಡಿ, ಬಿಸಿಲಲ್ಲಿ ನಿಲ್ಸಿದ ಕಾರಲ್ಲಂತೂ ಬೇಡ್ವೇ ಬೇಡ. ಕೆಲವು ಡಬ್ಬಿಗೆ ತೆರೆದ್ಮೇಲೆ ಇಂತಿಷ್ಟು ತಿಂಗಳು ಅಂತ ಬೇರೆ ಲೆಕ್ಕ ಇರುತ್ತೆ, ಓಪನ್ ಮಾಡಿದ ತಾರೀಕು ಡಬ್ಬಿ ಮೇಲೇ ಪೆನ್ನಲ್ಲಿ ಬರೆದಿಡಿ.

ಒಂದೇ ನಿಮಿಷದಲ್ಲಿ ಎರಡು ಸಲ ನೋಡಿದೆ, ಒಂದ್ಸಲ 152 ಒಂದ್ಸಲ 163, ಮೀಟರ್ ಹಾಳಾಗಿದೆ ಅಂತ ಬೈಯೋರಿದ್ದಾರೆ. ಹಾಳಾಗಿಲ್ಲ ಕಣ್ರೀ. ಈ ಮೀಟರ್‌ಗಳಿಗಿರೋ ಐಎಸ್‌ಒ 15197 ಅನ್ನೋ ಸ್ಟ್ಯಾಂಡರ್ಡ್ 2013ರಲ್ಲಿ ಬಿಗಿ ಆದ್ಮೇಲೂ, ನೂರಕ್ಕೆ 95 ರೀಡಿಂಗ್ ಲ್ಯಾಬ್ ನಂಬರಿಗಿಂತ 15 ಪರ್ಸೆಂಟ್ ಆಚೀಚೆ ಇದ್ರೆ ಪಾಸ್, 100ಕ್ಕಿಂತ ಕೆಳಗಾದ್ರೆ 15 ಪಾಯಿಂಟ್ ಆಚೀಚೆ. ನಿಜವಾಗಿ 150 ಇದ್ರೆ 128 ಬಂದ್ರೂ 172 ಬಂದ್ರೂ ನಿಯಮದ ಒಳಗೇ ಇದೆ. ಐದು ಹತ್ತು ಪಾಯಿಂಟ್‌ಗೆಲ್ಲ ನಿದ್ದೆ ಕೆಡಿಸ್ಕೋಬೇಡಿ.

ಈಗ ಯಾವಾಗ ಚುಚ್ಕೋಬೇಕು ಅನ್ನೋದಕ್ಕೆ ಬರೋಣ. ಸುಮಾರು ಜನ ಬೆಳಗ್ಗೆ ಎದ್ದು ಖಾಲಿ ಹೊಟ್ಟೇಲಿ ಒಂದು ಟೆಸ್ಟ್ ಮಾಡಿ ಬುಕ್ಕಲ್ಲಿ ಬರೆದಿಟ್ಟು ಮುಗೀತು ಅಂತಾರೆ, ನಾನೂ ಒಂದು ವರ್ಷ ಅದನ್ನೇ ಮಾಡ್ದೆ. ಬೆಳಗ್ಗೆ ಬರೀ 120, 125, ಖುಷಿಯೋ ಖುಷಿ, ಆದ್ರೆ ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ನೋಡಿದ್ರೆ 8.1. ಎಚ್‌ಬಿಎ1ಸಿ 7 ಅಂದ್ರೆ ಸರಾಸರಿ ಸುಮಾರು 154, 8 ಅಂದ್ರೆ ಸುಮಾರು 183. ಬೆಳಗ್ಗೆ ಅಷ್ಟು ಕಮ್ಮಿ ಇದ್ದೂ ಸರಾಸರಿ ಅಷ್ಟು ಬರ್ಬೇಕು ಅಂದ್ರೆ ಊಟ ಆದ್ಮೇಲೆ ಎಲ್ಲೋ ಏರ್ತಾ ಇರ್ಬೇಕು ತಾನೆ, ನಾನು ಆ ಹೊತ್ತಲ್ಲಿ ಒಂದ್ಸಲಾನೂ ಚುಚ್ಕೊಂಡೇ ಇರ್ಲಿಲ್ಲ.

ಆಗಿಂದ ಜೋಡಿ ಟೆಸ್ಟ್ ಶುರು ಮಾಡ್ದೆ. ಊಟಕ್ಕೆ ಕೂರೋ ಮುಂಚೆ ಒಂದು, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿಂದ ಎರಡು ಗಂಟೆಗೆ ಇನ್ನೊಂದು (ಊಟ ಮುಗಿಸಿದ ಹೊತ್ತಿಂದ ಅಲ್ಲ, ಇದನ್ನ ತುಂಬಾ ಜನ ತಪ್ಪು ಮಾಡ್ತಾರೆ). ಆಮೇಲೆ ಎರಡರ ನಡುವಿನ ವ್ಯತ್ಯಾಸ ನೋಡ್ಬೇಕು. ಮುಂಚೆ 118 ಇದ್ದು ಆಮೇಲೆ 212 ಆದ್ರೆ 94 ಏರಿದೆ, ತಟ್ಟೇಲಿ ಏನಿತ್ತು ಎಷ್ಟಿತ್ತು ಅಂತ ಯೋಚ್ನೆ ಮಾಡ್ಬೇಕು. ಅದೇ ಮುಂಚೆ 165 ಇದ್ದು ಆಮೇಲೆ 190 ಆದ್ರೆ ಏರಿದ್ದು ಬರೀ 25, ಆ ಊಟದ್ದು ಅಷ್ಟೇನೂ ತಪ್ಪಿಲ್ಲ, ಮೊದಲೇ ಜಾಸ್ತಿ ಇತ್ತು. ಬರೀ 190 ನೋಡಿದ್ರೆ ಪಾಪ ಆ ಊಟಾನೇ ಬೈತಿದ್ವಿ. ಒಂದು ವಾರ ಬೆಳಗಿನ ತಿಂಡಿಗೆ, ಮುಂದಿನ ವಾರ ಮಧ್ಯಾಹ್ನದ ಊಟಕ್ಕೆ, ಆಮೇಲೆ ರಾತ್ರಿಗೆ, ಹೀಗೆ ಮಾಡಿದ್ರೆ ದಿನಕ್ಕೆ ಎರಡೇ ಸ್ಟ್ರಿಪ್. ಪಕ್ಕದಲ್ಲಿ ಏನು ತಿಂದೆ, ನಡೆದ್ನಾ, ಜ್ವರ ಇತ್ತಾ, ನಿದ್ದೆ ಆಯ್ತಾ ಅಂತ ಎರಡು ಪದ ಗೀಚಿಡಿ.

ಎಷ್ಟಿದ್ರೆ ಸರಿ ಅಂದ್ರೆ, ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳೋದು ಗರ್ಭಿಣಿಯರಲ್ಲದ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರು ಮಾಡಿ ಒಂದೆರಡು ಗಂಟೆಗೆ 180ರ ಒಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರೋರಿಗೆ ಡಾಕ್ಟ್ರು ಇದನ್ನ ಸಡಿಲ ಮಾಡ್ತಾರೆ, ನಿಮ್ಮ ನಂಬರ್ ಯಾವ್ದು ಅಂತ ಕೇಳ್ಕೊಳ್ಳಿ. ಮೀಟರಲ್ಲಿ 6.5, 8.2 ಥರ ಬರ್ತಿದ್ರೆ ಅದು ಮಿಲಿಮೋಲ್ ಲೆಕ್ಕ, 18ರಿಂದ ಗುಣಿಸಿದ್ರೆ ನಾನಿಲ್ಲಿ ಹೇಳ್ತಿರೋ ಮಿಲಿಗ್ರಾಂ (mg/dL) ಲೆಕ್ಕ ಸಿಗುತ್ತೆ.

ರಾತ್ರಿ ಮಲಗುವಾಗ 120 ಇತ್ತು, ಏನೂ ತಿಂದಿಲ್ಲ, ಬೆಳಗ್ಗೆ 150 ಹೆಂಗೆ ಅಂತ ಕೇಳೋರಿಗೆ: ಬೆಳಗಿನ ಜಾವ ದೇಹ ಎಬ್ಬಿಸೋ ಹಾರ್ಮೋನ್‌ಗಳು ಏರ್ತವೆ, ಲಿವರ್ ತಾನೇ ಗ್ಲೂಕೋಸ್ ಬಿಡುತ್ತೆ. ನೀವು ಕದ್ದು ತಿಂದಿಲ್ಲ ಅಂತ ನಾನು ನಂಬ್ತೀನಿ.

ಕಮ್ಮಿ ಆಗೋದರ ಬಗ್ಗೆ ಮಾತ್ರ ತಮಾಷೆ ಬೇಡ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಶುಗರ್ ಲೋ ಆಗೋದು ಅಪರೂಪ, ಆದ್ರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇರೋರು ಊಟ ತಪ್ಪಿಸಿದ್ರೆ, ಜಾಸ್ತಿ ಓಡಾಡಿದ್ರೆ ಇಳೀಬಹುದು. ಕೈ ನಡುಕ, ತಣ್ಣನೆ ಬೆವರು, ತಲೆ ಮಂಕು ಆದ್ರೆ ಚೆಕ್ ಮಾಡಿ, 70ಕ್ಕಿಂತ ಕಮ್ಮಿ ಇದ್ರೆ 15 ಗ್ರಾಂ ಸಕ್ಕರೆ, ಅಂದ್ರೆ ಮೂರ್ನಾಲ್ಕು ಟೀ ಚಮಚ, ನೀರಲ್ಲಿ ಕಲಸಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಏರಿಲ್ಲ ಅಂದ್ರೆ ಇನ್ನೊಂದ್ಸಲ. ಮೀಟರ್ ಕೈಗೆ ಸಿಗ್ತಿಲ್ಲ ಅಂದ್ರೆ ಹುಡುಕ್ತಾ ಕೂರ್ಬೇಡಿ, ಸಕ್ಕರೆ ಮೊದ್ಲು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕ್ಬೇಡಿ, ಆಂಬುಲೆನ್ಸ್ ಕರೀರಿ. ಆ ಕಡೆ ಮೀಟರ್ ನಂಬರ್ ಬಿಟ್ಟು ಬರೀ ಹೈ ಅಂತ ತೋರಿಸಿದ್ರೆ ಅದು ಅಳೆಯೋ ಮಿತಿ ದಾಟಿದೆ ಅಂತ ಅರ್ಥ, ಹೆಚ್ಚಿನ ಮೀಟರಲ್ಲಿ 600ರ ಮೇಲೆ, ಕೈ ತೊಳೆದು ಇನ್ನೊಂದ್ಸಲ ನೋಡಿ ಮತ್ತೆ ಅದೇ ಬಂದ್ರೆ ಆಸ್ಪತ್ರೆಗೆ ಹೊರಡಿ. ನಂಬರ್ ನೋಡಿ ನೀವೇ ಮಾತ್ರೆ ಏರಿಸೋದು ಇಳಿಸೋದು ಮಾಡ್ಬೇಡಿ.

ಮನೇಲಿ ಇಬ್ಬರಿಗೆ ಶುಗರ್ ಇದ್ರೂ ಚುಚ್ಚೋ ಪೆನ್ ಬೇರೆ ಬೇರೆ ಇರ್ಲಿ, ಗಂಡ ಹೆಂಡ್ತಿ ಆದ್ರೂ ಸರಿ, ಹೆಪಟೈಟಿಸ್ ಬಿ ಇಂಥದ್ರಿಂದ ಹರಡುತ್ತೆ. ಬಳಸಿದ ಸೂಜಿಗಳನ್ನ ಗಟ್ಟಿ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಮುಚ್ಚಿಡಿ, ಕಸ ಎತ್ತೋರ ಕೈಗೆ ಚುಚ್ಚಬಾರ್ದು.

ಮೀಟರ್ ಮೇಲೆ ಅನುಮಾನ ಬಂದ್ರೆ ಲ್ಯಾಬಿಗೆ ಫಾಸ್ಟಿಂಗ್ ಟೆಸ್ಟಿಗೆ ಹೋಗುವಾಗ ಜೊತೇಲೇ ಒಯ್ಯಿರಿ, ಅವರು ರಕ್ತ ತೆಗೆದ ಹೊತ್ತಿಗೇ ಬೆರಳು ಚುಚ್ಚಿ ನೋಡಿ, ರಿಪೋರ್ಟ್ ಬಂದ್ಮೇಲೆ ಎರಡನ್ನೂ ಹೋಲಿಸಿ. ಊಟದ ನಂತರದ ಟೆಸ್ಟ್ ಜೊತೆ ಹೋಲಿಸ್ಬೇಡಿ, ಆಗ ಬೆರಳಿನ ರಕ್ತದಲ್ಲಿ ಶುಗರ್ ನರದಿಂದ ತೆಗೆದ ರಕ್ತಕ್ಕಿಂತ ಸಹಜವಾಗೇ ಜಾಸ್ತಿ ಇರುತ್ತೆ. ಮತ್ತೆ ರಕ್ತಹೀನತೆ ಇರೋರಿಗೆ ಮೀಟರ್ ಸ್ವಲ್ಪ ಹೆಚ್ಚು ತೋರಿಸಬಹುದು, ಅದನ್ನೂ ಡಾಕ್ಟ್ರಿಗೆ ಹೇಳಿ.