ಅಮೆರಿಕದ ನ್ಯೂರಾಲಜಿ ಕ್ಲಿನಿಕ್: ಹೆಸರಿನ ಪಕ್ಕದ ಅಕ್ಷರ ಓದಿ

ಕೈ ಜೋಮು ಹಿಡಿಯುತ್ತಿದೆ ಅಂತ ಇಲ್ಲೊಂದು ನ್ಯೂರಾಲಜಿ ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಮೂರು ತಿಂಗಳು ಕಾದೆ. ಆ ದಿನ ಒಳಗೆ ಬಂದವರು ಡಾಕ್ಟರಲ್ಲ, ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್. ಚೆನ್ನಾಗಿಯೇ ನೋಡಿದರು ಬಿಡಿ. ಆದರೆ ಬುಕ್ ಮಾಡುವಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಗೊಂದಲ ಎಂಡಿಯದ್ದು. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಸಾಮಾನ್ಯವಾಗಿ ಮೂರು ವರ್ಷ ಎಂಡಿ, ಮತ್ತೆ ಮೂರು ವರ್ಷ ಡಿಎಂ ಓದಿದವರು ನರರೋಗ ತಜ್ಞರು. ನಿಮ್ಹಾನ್ಸ್‌ಗೆ ಓಡಾಡಿದವರು ಬೋರ್ಡ್ ಮೇಲೆ ಈ ಡಿಎಂ ನೋಡಿರುತ್ತೀರಿ. ಅಮೆರಿಕದಲ್ಲಿ ಎಂಡಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಎಂಬಿಬಿಎಸ್ಸೇ. ನರರೋಗದ ತರಬೇತಿ ಆಮೇಲೆ ರೆಸಿಡೆನ್ಸಿಯಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಅವಧಿಯಲ್ಲಿ ಸಿಗುತ್ತದೆ, ಒಟ್ಟು ನಾಲ್ಕು ವರ್ಷ, ಅದರಲ್ಲಿ ಮೊದಲ ವರ್ಷ ಮುಖ್ಯವಾಗಿ ಜನರಲ್ ಮೆಡಿಸಿನ್. ಮಕ್ಕಳ ನರರೋಗಕ್ಕೆ ಐದು ವರ್ಷ. ಹಾಗಾಗಿ ಡಾಕ್ಟರ ಪರಿಚಯದ ಪುಟದಲ್ಲಿ ಎಂಡಿ ನೋಡಿ ನಿಲ್ಲಬೇಡಿ, ರೆಸಿಡೆನ್ಸಿ ಅಂತ ಬರೆದಿರುವ ಸಾಲು ನೋಡಿ. ಅದರ ಕೆಳಗೆ ಫೆಲೋಶಿಪ್ (ಒಂದೇ ಬಗೆಯ ರೋಗಕ್ಕೆ ಆಮೇಲೆ ಪಡೆಯುವ ವಿಶೇಷ ತರಬೇತಿ) ಇದ್ದರೆ ಇನ್ನೂ ಒಳ್ಳೆಯದು: ಮೂರ್ಛೆರೋಗಕ್ಕೆ ಎಪಿಲೆಪ್ಸಿ, ಪಾರ್ಕಿನ್ಸನ್ಸ್‌ಗೆ ಮೂವ್‌ಮೆಂಟ್ ಡಿಸಾರ್ಡರ್ಸ್. ತಲೆನೋವಿಗೂ ಬೇರೆಯೇ ಇದೆ!

ಡಿಒ ಅಂತ ಕಂಡರೆ ಕಣ್ಣಿನ ಡಾಕ್ಟರ್ ಅಂದ್ಕೋಬೇಡಿ. ನಮ್ಮಲ್ಲಿ ಅದು ಕಣ್ಣಿನ ಡಿಪ್ಲೊಮಾ ಇರಬಹುದು, ಇಲ್ಲಿ ಅದು ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್, ಎಂಡಿಗೆ ಸಮನಾದ ಡಿಗ್ರಿ. ಅದೇ ರೆಸಿಡೆನ್ಸಿ, ಅದೇ ಅಧಿಕಾರ.

ಎನ್‌ಪಿ (ನರ್ಸ್ ಪ್ರಾಕ್ಟೀಷನರ್), ಪಿಎ ಇಬ್ಬರೂ ಪರೀಕ್ಷೆ ಮಾಡುತ್ತಾರೆ, ಔಷಧಿ ಬರೆಯುತ್ತಾರೆ. ಎನ್‌ಪಿ ನರ್ಸಿಂಗ್ ಓದಿ ಮೇಲೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಾಡಿದವರು. ಪಿಎ ಮಾಡುವುದು ಸುಮಾರು ಎರಡೂವರೆ ವರ್ಷದ ಮಾಸ್ಟರ್ಸ್. ಡಾಕ್ಟರ ಮೇಲ್ವಿಚಾರಣೆ ಎಷ್ಟಿರಬೇಕು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನನ್ನ ಲೆಕ್ಕ ಇಷ್ಟೇ: ರೋಗ ಏನು ಅಂತಲೇ ಗೊತ್ತಿಲ್ಲದಾಗ ಮೊದಲ ಸಲ ಡಾಕ್ಟರೇ ನೋಡಲಿ. ಮೈಗ್ರೇನ್ ಮಾತ್ರೆ ಮುಂದುವರಿಸುವುದಕ್ಕೆ, ಡೋಸ್ ಬದಲಿಸುವುದಕ್ಕೆ ಎನ್‌ಪಿ ಸಾಕು, ಅವರ ಅಪಾಯಿಂಟ್‌ಮೆಂಟ್ ಬೇಗ ಸಿಗುವುದೂ ಉಂಟು.

ಅಪ್ಪ ಅಮ್ಮನ ಮರೆವು ಜಾಸ್ತಿಯಾಗಿದೆ ಅಂತ ಹೋದರೆ ನ್ಯೂರೋಸೈಕಾಲಜಿಸ್ಟ್ ಹತ್ತಿರ ಕಳಿಸಬಹುದು. ಅವರ ಹೆಸರಿನ ಹಿಂದೆ ಡಾಕ್ಟರ್ ಅಂತ ಇದ್ದರೂ ಅದು ಮನಶ್ಶಾಸ್ತ್ರದ ಡಾಕ್ಟರೇಟ್, ಪಿಎಚ್‌ಡಿ ಅಥವಾ ಸೈ.ಡಿ. ನೆನಪು, ಗಮನ ಎಲ್ಲ ಗಂಟೆಗಟ್ಟಲೆ ಪರೀಕ್ಷಿಸುತ್ತಾರೆ, ಆದರೆ ಬಹುತೇಕ ರಾಜ್ಯಗಳಲ್ಲಿ ಮಾತ್ರೆ ಬರೆಯುವ ಹಾಗಿಲ್ಲ.

ನಿಜವಾಗಿ ಹುಷಾರಾಗಿರಬೇಕಾದದ್ದು ಡಿಸಿ ಅನ್ನುವ ಅಕ್ಷರದ ಬಗ್ಗೆ. ಅದು ಕೈರೋಪ್ರಾಕ್ಟರ್, ಬೆನ್ನುಮೂಳೆ ನೀವುವವರು. ಕೆಲವರು ‘ಫಂಕ್ಷನಲ್ ನ್ಯೂರಾಲಜಿ’ ಅಂತ ಬೋರ್ಡ್ ಹಾಕಿಕೊಂಡಿರುತ್ತಾರೆ. ಅವರು ಮೆಡಿಕಲ್ ಕಾಲೇಜಿಗೆ ಹೋದವರಲ್ಲ, ನ್ಯೂರಾಲಜಿ ರೆಸಿಡೆನ್ಸಿ ಮಾಡಿದವರೂ ಅಲ್ಲ.

ಯಾರಾದರೂ ‘ಬೋರ್ಡ್ ಸರ್ಟಿಫೈಡ್’, ಅಂದರೆ ತಜ್ಞರೆಂದು ಮಂಡಳಿಯೊಂದರ ಪ್ರಮಾಣಪತ್ರ ಇದೆ ಅಂದರೆ, ಯಾವ ಬೋರ್ಡು ಅಂತ ಕೇಳಿ. ನ್ಯೂರಾಲಜಿಗೆ ಮುಖ್ಯವಾದದ್ದು 1934ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ಸೈಕಿಯಾಟ್ರಿ ಅಂಡ್ ನ್ಯೂರಾಲಜಿ. ಅದರ ಸೈಟಿನಲ್ಲಿ ಡಾಕ್ಟರ ಹೆಸರು ಹುಡುಕಬಹುದು. ನಿಮ್ಮ ರಾಜ್ಯದ ಮೆಡಿಕಲ್ ಬೋರ್ಡ್ ಸೈಟಿನಲ್ಲಿ ಲೈಸೆನ್ಸ್ ಇದೆಯಾ, ಶಿಸ್ತುಕ್ರಮ ಏನಾದರೂ ಆಗಿದೆಯಾ ನೋಡಬಹುದು. ಐದು ನಿಮಿಷದ ಕೆಲಸ. ಆಮೇಲೆ ಫೋನ್ ಮಾಡಿದಾಗ ‘ನನ್ನನ್ನು ನೋಡುವವರು ಡಾಕ್ಟರಾ, ಎನ್‌ಪಿನಾ?’ ಅಂತ ನೇರವಾಗಿ ಕೇಳಿ. ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.